ಬಳ್ಳಿಯಂತೆ ಸುರುಳಿಯಾಗುವ ಶೀರ್ಷಿಕೆ ಫಾಂಟ್: ಅಲಂಕಾರ ಅಕ್ಷರದ ಯಾವ ಮಗ್ಗುಲಲ್ಲಿ ನಿಲ್ಲಬೇಕು?

ಬಳ್ಳಿಗೆರೆ (ಚರ್ಚೆ ಆರಂಭಿಸಿದವರು):

ಎಲ್ಲರಿಗೂ ನಮಸ್ಕಾರ. ಮಕ್ಕಳ ಪುಸ್ತಕದ ಹೊದಿಕೆ, ಆಹ್ವಾನ ಪತ್ರಿಕೆ, ಭಿತ್ತಿಪತ್ರ ಇವುಗಳ ಶೀರ್ಷಿಕೆಗೆಂದೇ ಲವಲವಿಕೆಯ ಒಂದು ಕನ್ನಡ ಫಾಂಟನ್ನು 14 ತಿಂಗಳುಗಳಿಂದ ಬರೆಯುತ್ತಿದ್ದೇನೆ. ಗೆರೆಗಳು ನಡುವಿನಲ್ಲಿ ತುಂಬಿಕೊಂಡು, ತುದಿಯತ್ತ ಸಣ್ಣಗಾಗುತ್ತ ಹೋಗಿ, ಬಳ್ಳಿಯ ಕುಡಿಯಂತೆ ಒಂದೂವರೆ ಸುತ್ತು ಸುರುಳಿ ಹಾಕಿ ನಿಲ್ಲುತ್ತವೆ. ಕೆಲವು ತುದಿಗಳಲ್ಲಿ ಪುಟ್ಟ ಎಲೆಯೊಂದು ಮೂಡುತ್ತದೆ. ಹೊಟ್ಟೆ ದುಂಡಗಿರುವ ಅಕ್ಷರಗಳೊಳಗೆ ಒಂದು ಚುಕ್ಕಿಯಿದೆ. ಬಿಡಿ ಅಕ್ಷರಗಳನ್ನು ಒಂದೊಂದಾಗಿ ಅಚ್ಚು ಹಾಕಿ ಗೋಡೆಗೆ ಅಂಟಿಸಿ ನೋಡಿದಾಗ, ಇದೇ ನಾನು ಬರೆಯಬೇಕೆಂದುಕೊಂಡಿದ್ದ ಅಕ್ಷರಮಾಲೆ ಎಂದು ಮನಸ್ಸು ತುಂಬಿ ಬಂದಿತ್ತು.

ತೊಂದರೆ ಎದುರಾದದ್ದು ಪದಗಳನ್ನು ಜೋಡಿಸಿದ ಮೇಲೆ. ‘ಕನಸು’ ಎಂಬ ಮೂರಕ್ಷರವನ್ನು ಅಂಗೈ ಅಗಲಕ್ಕೆ ಅಚ್ಚು ಹಾಕಿ ಇಬ್ಬರಿಗೆ ತೋರಿಸಿದೆ. ಒಬ್ಬರು ಅರೆಗಳಿಗೆ ತಡೆದು ‘ಕನಸು’ ಎಂದರು. ಇನ್ನೊಬ್ಬರು ತಡೆಯದೆ ‘ಕಿನಿಸು’ ಎಂದು ಓದಿದರು. ಅವರು ದಿನವೂ ಪತ್ರಿಕೆ ಓದುವವರು. ಅವರ ಓದಿನಲ್ಲಿ ಕೊರತೆಯಿಲ್ಲ, ನನ್ನ ಗೆರೆಯಲ್ಲಿ ಇದೆ ಎಂಬುದು ಆಗಲೇ ಗೊತ್ತಾಯಿತು. ಆದರೆ ಎಲ್ಲಿದೆ ಎಂಬುದು ತಿಳಿಯುತ್ತಿಲ್ಲ. ಸುರುಳಿಯನ್ನು ಅರ್ಧ ಸುತ್ತಿಗೆ ಇಳಿಸಿದರೆ ಅಕ್ಷರಗಳು ಸಪ್ಪೆಯಾಗುತ್ತವೆ, ಹಾಗೆಯೇ ಬಿಟ್ಟರೆ ತಪ್ಪು ಓದಿಗೆ ಎಡೆಯಾಗುತ್ತದೆ. ಲವಲವಿಕೆಯನ್ನು ಉಳಿಸಿಕೊಂಡೇ ಇದನ್ನು ಸರಿಪಡಿಸುವ ದಾರಿ ಇದೆಯೇ?

ಕಾಗುಣಿತ:

ನೀವು ಹಂಚಿಕೊಂಡ ಚಿತ್ರವನ್ನು ದೊಡ್ಡದಾಗಿಸಿ ನೋಡಿದೆ. ತೊಂದರೆ ಸುರುಳಿಯ ಗಾತ್ರದಲ್ಲಿಲ್ಲ, ಅದು ಕುಳಿತಿರುವ ಜಾಗದಲ್ಲಿದೆ. ‘ಕ’ ಅಕ್ಷರದ ತಲೆಕಟ್ಟು ಎಡದಿಂದ ಬಲಕ್ಕೆ ಹರಿದು, ಬಲತುದಿಯಲ್ಲಿ ಮೇಲಕ್ಕೆ ಚಿಮ್ಮಿ ನಿಲ್ಲುತ್ತದೆ. ಆ ಚಿಮ್ಮುವಿಕೆಯನ್ನು ನೀವು ಒಂದೂವರೆ ಸುತ್ತು ಬಾಗಿಸಿದ್ದೀರಿ. ಬಾಗಿ ಮುಚ್ಚಿಕೊಂಡ ಕೂಡಲೇ ಅದು ತಲೆಕಟ್ಟಾಗಿ ಉಳಿಯುವುದಿಲ್ಲ, ಗುಡಿಸು ಆಗುತ್ತದೆ. ಕ ಎಂಬುದು ಕಿ, ನ ಎಂಬುದು ನಿ. ಎರಡನೆಯವರು ಓದಿದ್ದು ನೀವು ಬರೆದದ್ದನ್ನೇ.

ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕೆನಿಸುತ್ತದೆ, ಏಕೆಂದರೆ ಕನ್ನಡದ ಅಲಂಕಾರಿಕ ಫಾಂಟುಗಳನ್ನು ಬರೆಯುವ ಬಹಳ ಮಂದಿ ಎಡವುವುದು ಇಲ್ಲಿಯೇ. ರೋಮನ್ ಅಕ್ಷರಗಳಿಗೆ ಸುರುಳಿ ಹಾಕಿದ ಫಾಂಟುಗಳನ್ನು ನೋಡಿ ನಮಗೆ ಆಸೆಯಾಗುತ್ತದೆ. 1995ರಲ್ಲಿ ಕಾರ್ಲ್ ಕ್ರಾಸ್‌ಗ್ರೋವ್ ಮತ್ತು ಸ್ಟೀವ್ ಮ್ಯಾಟೆಸನ್ ಬರೆದ ಕರ್ಲ್ಜ್ ಅಂಥದ್ದು. ಅದರಲ್ಲಿ ಗೆರೆ ಮುಗಿಯುವಲ್ಲೆಲ್ಲ ಸುರುಳಿ. ಆ ಲಿಪಿಯಲ್ಲಿ ಸ್ವರಕ್ಕೆ ಬೇರೆಯೇ ಅಕ್ಷರ ಇರುವುದರಿಂದ, ವ್ಯಂಜನದ ತುದಿಯನ್ನು ಎಷ್ಟು ಬಾಗಿಸಿದರೂ ಅದರ ಉಚ್ಚಾರ ಬದಲಾಗುವುದಿಲ್ಲ. ನಮ್ಮಲ್ಲಿ ಹಾಗಲ್ಲ. ತಲೆಕಟ್ಟು, ಗುಡಿಸು, ಎತ್ವ, ಅರ್ಧಾಕ್ಷರ ಈ ನಾಲ್ಕನ್ನೂ ಬೇರೆ ಮಾಡುವುದು ಅಕ್ಷರದ ನೆತ್ತಿಯ ಮೇಲಿನ ಒಂದೇ ಒಂದು ಗೆರೆಯ ನಡೆ. ಹಾಗಾಗಿ ನೆತ್ತಿ ನಮ್ಮಲ್ಲಿ ಸ್ವರದ ಮನೆ. ಅಲ್ಲಿ ಎಳೆಯುವ ಪ್ರತಿ ಗೆರೆಯೂ ಓದಿಗೆ ಸೇರಿಹೋಗುತ್ತದೆ.

ಹೊಟ್ಟೆಯೊಳಗಿನ ಚುಕ್ಕಿಯೂ ಅಷ್ಟೇ ಅಪಾಯದ್ದು. ‘ಮರ’ ಎಂದು ಬರೆದು, ರ ಅಕ್ಷರದ ಹೊಟ್ಟೆಯಲ್ಲಿ ಚುಕ್ಕಿಯಿಟ್ಟು ನೋಡಿ. ಅದು ‘ಮಠ’ ಆಗಿರುತ್ತದೆ. ಹೊಟ್ಟೆಯ ಕೆಳಗಿನ ಎಲೆಯನ್ನೂ ಗಮನಿಸಿ: ನಿಮ್ಮ ದ ಅಕ್ಷರದ ಅಡಿಯಿಂದ ಒಂದು ಎಲೆ ಇಳಿದಿದೆ. ‘ದನ’ ಎಂದು ಬರೆದದ್ದನ್ನು ನಾನು ‘ಧನ’ ಎಂದು ಓದಿದೆ. ಪ ಮತ್ತು ಫ, ಡ ಮತ್ತು ಢ, ದ ಮತ್ತು ಧ ಈ ಜೋಡಿಗಳನ್ನು ಬೇರ್ಪಡಿಸುವುದು ಅಡಿಯಲ್ಲಿನ ಆ ಸಣ್ಣ ಸೀಳು ಮಾತ್ರ.

ಬಳ್ಳಿಗೆರೆ:

ಕಾಗುಣಿತ ಅವರೇ, ಬಹಳ ಕೃತಜ್ಞತೆಗಳು. ನಿಮ್ಮ ಮಾತು ಓದಿದ ಮೇಲೆ ಪೂರ್ತಿ ವರ್ಣಮಾಲೆಯನ್ನು ಮೇಜಿನ ಮೇಲೆ ಹರಡಿಕೊಂಡು, ಕೆಂಪು ಶಾಯಿಯಲ್ಲಿ ಗುರುತು ಹಾಕುತ್ತ ಹೋದೆ. ನೆತ್ತಿ ಸ್ವರದ್ದು. ಬಲಮಗ್ಗುಲು ಕೊಂಬು ಮತ್ತು ಇಳಿಗಳದ್ದು. ಅರ್ಕಾವೊತ್ತು ಬಂದು ನಿಲ್ಲುವುದೂ ಅಲ್ಲಿಯೇ. ಅಡಿ ಒತ್ತಕ್ಷರಗಳದ್ದು, ಮಹಾಪ್ರಾಣದ ಸೀಳಿನದ್ದು. ಒಳಹೊಟ್ಟೆ ಠ, ಥ, ಷ ಅಕ್ಷರಗಳದ್ದು. ಕೆಂಪು ಹಚ್ಚಿ ಮುಗಿಸಿದಾಗ ಬಿಳಿಯಾಗಿ ಉಳಿದದ್ದು ಒಂದೇ ಕಡೆ: ಎಡಮಗ್ಗುಲು.

ತಮಿಳಿನಲ್ಲಿಯೂ ಮಲಯಾಳದಲ್ಲಿಯೂ ಎಕಾರದ ಚಿಹ್ನೆ ವ್ಯಂಜನದ ಎಡಕ್ಕೆ ಬಂದು ಕೂರುತ್ತದೆ. ಕನ್ನಡದಲ್ಲಿ ಯಾವ ಗುಣಿತ ಚಿಹ್ನೆಯೂ ಎಡಕ್ಕೆ ಬರುವುದಿಲ್ಲ. ಇಷ್ಟು ವರ್ಷ ಈ ಲಿಪಿಯಲ್ಲಿ ಬರೆದೂ ಇದನ್ನು ನಾನು ಗಮನಿಸಿರಲಿಲ್ಲ. ಎಲೆ, ಕುಡಿ, ಸುರುಳಿ ಎಲ್ಲವನ್ನೂ ತಲೆಕಟ್ಟಿನ ಎಡತುದಿಗೆ, ಅಕ್ಷರದ ಎಡಭುಜಕ್ಕೆ ಸರಿಸಿದರೆ ಹೇಗೆ?

ಅಚ್ಚುಮೊಳೆ:

ಅಚ್ಚಿನ ಮೊಳೆ (ಒಂದೊಂದು ಅಕ್ಷರದ ಸೀಸದ ಅಚ್ಚು) ಜೋಡಿಸುತ್ತಿದ್ದ ಕೈಗಳಿಂದ ಎರಡು ಮಾತು ಹೇಳುತ್ತೇನೆ.

ಅಕ್ಷರದ ಚೌಕಟ್ಟಿನಿಂದ ಆಚೆಗೆ ಚಾಚಿಕೊಳ್ಳುವ ಗೆರೆ ಸೀಸದ ಮೊಳೆಗೆ ಎಂದಿಗೂ ಹಗೆ. ಚಾಚಿದ ಭಾಗದ ಕೆಳಗೆ ಆಸರೆ ಇರುವುದಿಲ್ಲವಾದ್ದರಿಂದ, ಪಕ್ಕದ ಮೊಳೆ ಒತ್ತಿದರೆ ಅದು ಮುರಿಯುತ್ತದೆ. ಕನ್ನಡದ ಒತ್ತಕ್ಷರಗಳನ್ನು ಸೀಸದಲ್ಲಿ ಎರಕ ಹೊಯ್ಯುವವರು ಮೊದಲಿಂದಲೂ ಎದುರಿಸಿದ ಕಷ್ಟ ಇದೇ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಶ್ರೀರಾಮಪುರದಲ್ಲಿ ಮೊಳೆಗಳಿಂದ ಅಚ್ಚಾಯಿತು. ಅದಾಗಿ 26 ವರ್ಷಗಳ ಮೇಲೆ, 1843ರಲ್ಲಿ, ‘ಮಂಗಳೂರ ಸಮಾಚಾರ’ ಹೊರಟಾಗ ಅದು ಕಲ್ಲಚ್ಚಿನಲ್ಲಿ ಬಂತು. ಕಲ್ಲಚ್ಚಿನಲ್ಲಿ ಬರೆದ ಕೈ ಹೇಗೆ ಹರಿಯುತ್ತದೆಯೋ ಗೆರೆಯೂ ಹಾಗೆಯೇ ಹರಿಯುತ್ತದೆ. ಒತ್ತು ಎಷ್ಟು ಕೆಳಗಿಳಿದರೂ ಯಾವ ಮೊಳೆಯೂ ಅಡ್ಡ ಬರುವುದಿಲ್ಲ.

ದೊಡ್ಡ ಗಾತ್ರದ ಆಟದ ಅಕ್ಷರಗಳು ಬೇರೆಡೆ ಹುಟ್ಟಿದ್ದೂ ಸೀಸದಿಂದ ಬಿಡಿಸಿಕೊಂಡ ಮೇಲೆಯೇ ಎಂಬುದನ್ನು ನೆನಪಿಸಿಕೊಳ್ಳುವುದು ಒಳ್ಳೆಯದು. ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ 1827ರಲ್ಲಿ ಮರದ ಅಕ್ಷರಗಳನ್ನು ಯಂತ್ರದಿಂದ ಕೊರೆಯುವ ವಿಧಾನ ತಂದರು. 1834ರಲ್ಲಿ ವಿಲಿಯಂ ಲೆವನ್‌ವರ್ತ್ ಅದಕ್ಕೆ ಪ್ಯಾಂಟೋಗ್ರಾಫ್ ಎಂಬ, ಆಕಾರವನ್ನು ಹಿಗ್ಗಿಸಿ ಕುಗ್ಗಿಸಿ ನಕಲಿಸುವ ಸಾಧನ ಜೋಡಿಸಿದರು. ಒಂದೇ ಮಾದರಿಯಿಂದ ಬೇರೆ ಬೇರೆ ಅಳತೆಯ ಅಕ್ಷರಗಳನ್ನು ಕೊರೆಯಲು ಸಾಧ್ಯವಾಯಿತು. ದೊಡ್ಡ ಸೀಸದ ಅಕ್ಷರ ಭಾರ, ದುಬಾರಿ, ಎರಕ ತಣ್ಣಗಾಗುವಾಗ ಮುಖ ಕುಸಿಯುತ್ತದೆ. ಮರ ಹಗುರ. ಗೋಡೆಗೆ ಅಂಟಿಸುವ ಜಾಹೀರಾತಿನಲ್ಲಿ ಅಕ್ಷರಗಳು ಬಾಗಿದ್ದು, ಉಬ್ಬಿದ್ದು, ಹೂಬಿಟ್ಟಿದ್ದು ಇದರಿಂದಲೇ.

ಪರದೆಯ ಮೇಲಿನ ಅಕ್ಷರಕ್ಕೆ ಮುರಿಯುವ ಭಯವಿಲ್ಲ. ಆದರೆ ಪಕ್ಕದ ಅಕ್ಷರಕ್ಕೆ ಡಿಕ್ಕಿ ಹೊಡೆಯುವ ಭಯ ಹಾಗೆಯೇ ಇದೆ. ಎಡಮಗ್ಗುಲು ಖಾಲಿ ಎಂದು ಬಳ್ಳಿಗೆರೆ ಅವರು ಹೇಳಿದ್ದು ಬಿಡಿ ಅಕ್ಷರದ ಮಟ್ಟಿಗೆ ನಿಜ. ಪದದೊಳಗೆ ಒಂದು ಅಕ್ಷರದ ಎಡಮಗ್ಗುಲು ಎಂದರೆ ಹಿಂದಿನ ಅಕ್ಷರದ ಬಲಮಗ್ಗುಲೇ ಆಯಿತಲ್ಲ. ‘ಪೂರ್ವ’ ಎಂದು ಬರೆದಾಗ ವ ಅಕ್ಷರದ ಎಡಕ್ಕೆ ಹಿಂದಿನ ಕೊಂಬಿನ ಇಳಿ ಬಂದು ನಿಂತಿರುತ್ತದೆ. ಆ ಕಿಷ್ಕಿಂಧೆಯಲ್ಲಿ ಎಲೆ ಎಲ್ಲಿ ಅರಳಬೇಕು?

ಹೊದಿಕೆಪುಟ:

ಇಲ್ಲಿಯವರೆಗಿನ ಮಾತುಗಳನ್ನು ಗೌರವದಿಂದಲೇ ಓದಿದ್ದೇನೆ, ಆದರೂ ನನ್ನ ಭಿನ್ನಾಭಿಪ್ರಾಯವನ್ನು ದಾಖಲಿಸಬೇಕಾಗಿದೆ. ಶೀರ್ಷಿಕೆಯ ಅಕ್ಷರವನ್ನು ಒಳಪುಟದ ಅಕ್ಷರದಂತೆ ಅಳೆಯುತ್ತ ಹೋದರೆ ಕೊನೆಗೆ ಒಳಪುಟದ ಅಕ್ಷರವೇ ಉಳಿಯುತ್ತದೆ. ಶೀರ್ಷಿಕೆಯಲ್ಲಿ ಮೂರೋ ನಾಲ್ಕೋ ಪದಗಳಿರುತ್ತವೆ, ಪಕ್ಕದಲ್ಲಿ ಚಿತ್ರವಿರುತ್ತದೆ, ಓದುಗರಿಗೆ ನಿಂತು ನೋಡಲು ಮನಸ್ಸೂ ಇರುತ್ತದೆ. ಮರದ ಚಿತ್ರದ ಮೇಲೆ ‘ಮರ’ ಎಂದಿದ್ದರೆ ಯಾರೂ ಅದನ್ನು ‘ಮಠ’ ಎಂದು ಓದುವುದಿಲ್ಲ. 1904ರಲ್ಲಿ ಸ್ಟುಟ್‌ಗಾರ್ಟಿನ ಒಟ್ಟೋ ವೈಸರ್ಟ್ ಎರಕಶಾಲೆ ಹೊರತಂದ ಆರ್ನಾಲ್ಡ್ ಬ್ಯೋಕ್ಲಿನ್ ಎಂಬ ಅಕ್ಷರಶೈಲಿಯನ್ನು ನೋಡಿ. ಬಳ್ಳಿಯ ಬಳುಕು ಗೆರೆಗೆರೆಯಲ್ಲಿಯೂ ಇದೆ, ಓದುವುದು ಸುಲಭವೇನಲ್ಲ. ಅದು ಮರೆಯಾಗಲಿಲ್ಲ, 1960ರ ದಶಕದಲ್ಲಿ ಭಿತ್ತಿಪತ್ರಗಳಿಗೂ ಸಂಗೀತದ ತಟ್ಟೆಗಳ ಹೊದಿಕೆಗಳಿಗೂ ಮತ್ತೆ ಬಂತು. ಓದನ್ನು ಕೊಂಚ ತಡೆಯುವುದೂ ಶೀರ್ಷಿಕೆಯ ಕೆಲಸದ ಒಂದು ಭಾಗ ಎಂದು ನಾನು ನಂಬುತ್ತೇನೆ.

ಇನ್ನೊಂದು ಮಾತು. ಲವಲವಿಕೆ ಸುರುಳಿಯಿಂದಲೇ ಬರಬೇಕಾಗಿಲ್ಲ. ಅಮೆರಿಕನ್ ಟೈಪ್ ಫೌಂಡರ್ಸ್ ಸಂಸ್ಥೆಗಾಗಿ ಮಾರಿಸ್ ಫುಲ್ಲರ್ ಬೆಂಟನ್ 1910ರಲ್ಲಿ ಬರೆದ ಹೋಬೋ ಎಂಬ ಅಕ್ಷರಶೈಲಿಯಲ್ಲಿ ಒಂದು ಎಲೆಯೂ ಇಲ್ಲ, ಒಂದು ಹೂವೂ ಇಲ್ಲ. ನೆಟ್ಟಗಿನ ಗೆರೆಗಳನ್ನು ಹೆಚ್ಚುಕಡಿಮೆ ಪೂರ್ತಿ ಬಿಟ್ಟಿದ್ದಾರೆ, ಅಷ್ಟೇ. ರೋಮನ್ ಲಿಪಿಯಲ್ಲಿ ಅದು ಆಟವಾಯಿತು. ಕನ್ನಡ ಹುಟ್ಟಿನಿಂದಲೇ ದುಂಡು. ಬಾಗಿಸಿದರೆ ನಮ್ಮ ಕಣ್ಣಿಗೆ ಹೊಸದೆನಿಸುವುದಿಲ್ಲ. ನಮ್ಮಲ್ಲಿ ಆಟ ಕಾಣಬೇಕಾದರೆ ಗೆರೆಯ ದಪ್ಪವನ್ನು ಮುಟ್ಟಬೇಕು, ನಿಲುವನ್ನು ಮುಟ್ಟಬೇಕು. ಏಕ್ ಟೈಪ್ ಸಂಸ್ಥೆಯ ‘ಬಾಲೂ ತಮ್ಮ’ ಎಂಬ ಕನ್ನಡ ಫಾಂಟಿನಲ್ಲಿ ಅಲಂಕಾರ ಎನ್ನುವಂಥದ್ದು ಏನೂ ಇಲ್ಲ. ಗೆರೆ ಮೈತುಂಬಿಕೊಂಡಿದೆ, ತುದಿಗಳು ಮೃದುವಾಗಿವೆ, ಅಷ್ಟರಲ್ಲಿಯೇ ನಗು ಬಂದುಬಿಡುತ್ತದೆ.

ಕಾಗುಣಿತ:

ಹೊದಿಕೆಪುಟ ಅವರೇ, ಗೆರೆಯ ದಪ್ಪ ಮತ್ತು ನಿಲುವಿನ ಬಗ್ಗೆ ನೀವು ಹೇಳಿದ್ದನ್ನು ಒಪ್ಪುತ್ತೇನೆ. ಚಿತ್ರ ಇರುವುದರಿಂದ ಓದು ತಪ್ಪುವುದಿಲ್ಲ ಎಂಬುದನ್ನು ಮಾತ್ರ ಒಪ್ಪಲಾರೆ. ಓದನ್ನು ತಡೆಯುವುದು ಬೇರೆ, ಓದನ್ನು ತಪ್ಪಿಸುವುದು ಬೇರೆ. ಬ್ಯೋಕ್ಲಿನ್ ಶೈಲಿಯಲ್ಲಿ ಓದುಗರು ನಿಧಾನಿಸುತ್ತಾರೆ, ಆದರೆ ಕೊನೆಗೆ ಸರಿಯಾದ ಪದಕ್ಕೇ ಬಂದು ಸೇರುತ್ತಾರೆ. ‘ಕಿನಿಸು’ ಎಂದು ಓದಿದವರು ನಿಧಾನಿಸಲೇ ಇಲ್ಲ. ಅವರಿಗೆ ಅಲ್ಲಿ ಅನುಮಾನ ಪಡುವಂಥದ್ದು ಏನೂ ಕಾಣಲಿಲ್ಲ. ಅಷ್ಟಲ್ಲದೆ, ಮಕ್ಕಳ ಪುಸ್ತಕದ ಹೊದಿಕೆಯನ್ನು ಎದುರಿಗಿಟ್ಟುಕೊಂಡು ಕಾಗುಣಿತ ಕಲಿಯುತ್ತಿರುವ ಮಗುವಿಗೆ, ಯಾವ ಗೆರೆ ಅಕ್ಷರದ್ದು ಯಾವುದು ಆಟದ್ದು ಎಂದು ಬೇರ್ಪಡಿಸಿಕೊಳ್ಳುವ ಅನುಭವ ಇನ್ನೂ ಬಂದಿರುವುದಿಲ್ಲ. ಆ ಮಗು ಪ್ರತಿ ಗೆರೆಯನ್ನೂ ನಂಬುತ್ತದೆ.

ಹೊದಿಕೆಪುಟ:

ಆ ಕೊನೆಯ ಮಾತು ನನಗೆ ನಾಟಿತು. ಕಲಿಯುವ ಮಕ್ಕಳ ಮಟ್ಟಿಗೆ ನನ್ನ ವಾದವನ್ನು ಹಿಂತೆಗೆದುಕೊಳ್ಳುತ್ತೇನೆ.

ಜೋಡಣೆನಿಯಮ:

ಅಚ್ಚುಮೊಳೆ ಅವರು ಕೇಳಿದ ಪ್ರಶ್ನೆಗೆ, ಫಾಂಟಿನೊಳಗೇ ಜೋಡಣೆಯ ನಿಯಮ ಬರೆಯಲು ಬಿಡುವ ಓಪನ್‌ಟೈಪ್‌ನಲ್ಲಿ ಉತ್ತರವಿದೆ. ಹಂತ ಹಂತವಾಗಿ ಹೇಳುತ್ತೇನೆ, ಸ್ವಲ್ಪ ಉದ್ದವಾದರೆ ಕ್ಷಮೆಯಿರಲಿ.

ಪ್ರತಿ ಅಕ್ಷರಕ್ಕೂ ಎರಡು ರೂಪಗಳನ್ನು ಬರೆಯಿರಿ: ಎಡಭುಜದಲ್ಲಿ ಎಲೆಯಿರುವುದು ಒಂದು, ಎಲೆಯಿಲ್ಲದ್ದು ಇನ್ನೊಂದು. ಎಲೆಯಿಲ್ಲದ್ದೇ ಮೂಲರೂಪವಾಗಿರಲಿ. ಅನಂತರ ಸಂದರ್ಭಾನುಸಾರ ಪರ್ಯಾಯಗಳ ನಿಯಮ ಬರೆಯಿರಿ. ತಂತ್ರಾಂಶಗಳಲ್ಲಿ ‘ಕ್ಯಾಲ್ಟ್’ ಎಂಬ ಹೆಸರಿನಿಂದ ಸಿಗುವುದು ಇದೇ. ಹಿಂದೆ ಯಾವ ಅಕ್ಷರವೂ ಇಲ್ಲದಿದ್ದರೆ, ಅಂದರೆ ಪದದ ಮೊದಲಲ್ಲಿ, ಎಲೆಯಿರುವ ರೂಪ ಬರಲಿ. ಹಿಂದಿನ ಅಕ್ಷರ ಕೊಂಬು, ಇಳಿ ಅಥವಾ ಅರ್ಕಾವೊತ್ತಿನಿಂದ ಮುಗಿದಿದ್ದರೆ ಮೂಲರೂಪವೇ ಉಳಿಯಲಿ. ಉಳಿದ ಕಡೆ ಎಷ್ಟು ಎಲೆ ಬೇಕೆಂಬುದು ನಿಮ್ಮ ಕಣ್ಣಿಗೆ ಬಿಟ್ಟದ್ದು. ಒಂದು ಎಚ್ಚರಿಕೆ: ಕನ್ನಡದಲ್ಲಿ ಒತ್ತು ಮತ್ತು ಗುಣಿತಗಳ ಜೋಡಣೆ ಮುಗಿಯುವ ಮುನ್ನ ಅಲಂಕಾರದ ನಿಯಮ ಓಡಿದರೆ, ಅದು ಬಿಡಿ ಕ ಎಂದು ತಿಳಿದು ಎಲೆಯಿಟ್ಟದ್ದು ಮುಂದೆ ಕ್ಷ ಆಗಬೇಕಾಗಿದ್ದ ಅಕ್ಷರವಾಗಿರಬಹುದು. ಆದ್ದರಿಂದ ಕಡತದಲ್ಲಿ ಜೋಡಣೆಯ ನಿಯಮಗಳೆಲ್ಲ ಮೇಲಿರಲಿ, ಅಲಂಕಾರದ್ದು ಕೊನೆಗೆ ಬರಲಿ. ಹಿಂದಿನ ಪದದ ಕೊನೆಯಕ್ಷರವನ್ನು ನೋಡಿ ನಿರ್ಧರಿಸುವ ನಿಯಮವನ್ನಂತೂ ಬರೆಯಬೇಡಿ, ಏಕೆಂದರೆ ಕೆಲವು ತಂತ್ರಾಂಶಗಳು ಪ್ರತಿ ಪದವನ್ನೂ ಬಿಡಿಯಾಗಿಯೇ ಜೋಡಿಸುತ್ತವೆ.

ಇದರಿಂದ ಇನ್ನೊಂದು ಲಾಭವೂ ಇದೆ. ‘ಕಿಲಕಿಲ’ ಎಂದು ಬರೆಯಿರಿ. ನಾಲ್ಕು ಅಕ್ಷರಗಳಲ್ಲಿ ಎರಡು ಎರಡು ಬಾರಿ ಬರುತ್ತವೆ. ಎರಡು ಕಿಗಳೂ ಪಡಿಯಚ್ಚಿನಂತೆ ಒಂದೇ ಆಗಿದ್ದರೆ, ಕೈಬರಹದ ಉಸಿರು ಅಲ್ಲಿಗೇ ನಿಲ್ಲುತ್ತದೆ. ಇದು ಯಂತ್ರ ಬರೆದದ್ದು ಎಂದು ಕಣ್ಣಿಗೆ ತಟ್ಟನೆ ತಿಳಿಯುತ್ತದೆ. ಹಿಂದಿನ ಮೂರು ಅಕ್ಷರಗಳಲ್ಲಿ ಅದೇ ರೂಪ ಬಂದುಹೋಗಿದ್ದರೆ ಎರಡನೆಯದು ಬರಲಿ ಎಂದು ನಿಯಮ ಬರೆಯಬಹುದು. ಎರಿಕ್ ವಾನ್ ಬ್ಲಾಕ್‌ಲಾಂಡ್ ಮತ್ತು ಯುಸ್ಟ್ ವಾನ್ ರಾಸಮ್ ಅವರ ಬಿಯೋವುಲ್ಫ್ ಫಾಂಟು ಇನ್ನೂ ಮುಂದೆ ಹೋಗಿ, ಅಚ್ಚು ಹಾಕುವಾಗ ಪ್ರತಿ ಅಕ್ಷರದ ಅಂಚನ್ನೂ ಯದ್ವಾತದ್ವಾ ಅಲುಗಿಸಿ ಒಂದರಂತೆ ಒಂದಿಲ್ಲದ ಹಾಗೆ ಮಾಡುತ್ತಿತ್ತು. ಶೀರ್ಷಿಕೆಗೆ ಅದು ಬೇಡ ಎಂಬುದು ನನ್ನ ಅಭಿಪ್ರಾಯ. ಇಂದು ಕಂಡ ರೂಪ ನಾಳೆ ಕಡತ ತೆರೆದಾಗ ಬದಲಾಗಿದ್ದರೆ, ಹೊದಿಕೆ ವಿನ್ಯಾಸ ಮಾಡುವವರು ಅದನ್ನು ನಂಬಿ ಕೆಲಸ ಮಾಡಲಾರರು.

ಅಕ್ಷರಗಳನ್ನು ಸಾಲಿನಿಂದ ಮೇಲಕ್ಕೂ ಕೆಳಕ್ಕೂ ಜಿಗಿಸುವ ಯೋಚನೆ ಇದ್ದರೆ ಒತ್ತಿನ ಬಗ್ಗೆ ಮೊದಲು ಯೋಚಿಸಿ. ಮೂಲಾಕ್ಷರವನ್ನು ಮಾತ್ರ 30 ಘಟಕ (ಅಕ್ಷರ ಬರೆಯುವ ಚೌಕವನ್ನು ಭಾಗಿಸುವ ಸಣ್ಣ ಅಳತೆ) ಕೆಳಗಿಳಿಸಿದರೆ, ಒತ್ತು ತಾನಿದ್ದಲ್ಲಿಯೇ ನಿಂತು ಎರಡೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಒತ್ತುಗಳನ್ನು ಲಂಗರು ಬಿಂದುಗಳ (ಎರಡು ಆಕಾರಗಳು ಸೇರಬೇಕಾದ ಗುರುತುಗಳ) ಮೂಲಕ ಮೂಲಾಕ್ಷರಕ್ಕೆ ಕಟ್ಟಿದ್ದರೆ ತಾಯಿಯ ಸೆರಗು ಹಿಡಿದ ಮಗುವಿನಂತೆ ಅವೂ ಜೊತೆಗೆ ಸರಿಯುತ್ತವೆ. ಕೊನೆಯದಾಗಿ, ಫಾಂಟಿನೊಳಗೆ ದಾಖಲಿಸುವ ಮೇಲೆತ್ತರ ಮತ್ತು ಕೆಳಆಳದ ಅಳತೆಗಳನ್ನು ಉದಾರವಾಗಿ ಕೊಡಿ. ವಿಂಡೋಸ್‌ನ ಹಲವು ತಂತ್ರಾಂಶಗಳು ಆ ಅಳತೆಯಾಚೆಗಿನ ಗೆರೆಯನ್ನು ಕತ್ತರಿಸಿಯೇ ತೋರಿಸುತ್ತವೆ. ‘ರಾಷ್ಟ್ರ’ ಎಂಬಲ್ಲಿ ಎರಡು ಒತ್ತುಗಳು ಒಂದರ ಜೊತೆ ಒಂದು ಇಳಿದಾಗ, ಕೆಳಗಿನ ರಕಾರದ ಬಾಲ ತುಂಡಾಗಿ ಕಾಣುವುದು ಇದರಿಂದ.

ಬಳ್ಳಿಗೆರೆ:

ನಿಮ್ಮ ನಿಯಮಗಳನ್ನು ಹಾಕಿ ಹೊಸ ಕರಡು ಮಾಡಿದ್ದೇನೆ. ‘ಕನಸು’ ಈಗ ‘ಕನಸು’ ಎಂದೇ ಓದಲು ಬರುತ್ತದೆ. ಮೊನ್ನೆ ತಪ್ಪು ಓದಿದವರಿಗೇ ಮತ್ತೆ ತೋರಿಸಿದೆ. ಕ ಅಕ್ಷರದ ಎಡಭುಜದ ಎಲೆಯನ್ನು ಬೆರಳಿನಿಂದ ಮುಟ್ಟಿ, ಇದು ಚೆನ್ನಾಗಿದೆ ಎಂದರು. ಅವರು ಮೊದಲು ಓದಿದರು, ಆಮೇಲೆ ಎಲೆಯನ್ನು ನೋಡಿದರು. ಆ ಕ್ರಮವೇ ನನಗೆ ಬೇಕಾಗಿದ್ದದ್ದು.

ಎರಡು ಕಡೆ ಇನ್ನೂ ತಡವರಿಸುತ್ತಿದ್ದೇನೆ. ತಲೆಕಟ್ಟೇ ಇಲ್ಲದ ಜ, ಣ, ಬ, ಲ ಇವುಗಳಿಗೆ ಎಲೆಯನ್ನು ಎಲ್ಲಿಂದ ಹೊರಡಿಸುವುದು ಎಂಬುದು ಮೊದಲನೆಯದು. ಸದ್ಯಕ್ಕೆ ಗೆರೆ ಆರಂಭವಾಗುವ ಎಡತುದಿಯನ್ನೇ ತುಸು ಉಬ್ಬಿಸಿ ಮೊಗ್ಗಿನಂತೆ ಮಾಡಿದ್ದೇನೆ. ಎಲೆಯಿರುವ ಅಕ್ಷರಗಳ ನಡುವೆ ಮೊಗ್ಗಿರುವವು ಬಂದಾಗ ಸಾಲು ಬೇಸರ ತರಿಸುವುದಿಲ್ಲ. ಲಿಪಿಯಲ್ಲಿಯೇ ಇದ್ದ ವ್ಯತ್ಯಾಸ ಅಲಂಕಾರದಲ್ಲಿಯೂ ಕಾಣುತ್ತದೆ. ಎತ್ವ ಬರುವ ರೂಪಗಳಿಗೆ ಎಲೆಯನ್ನೇ ಕೊಟ್ಟಿಲ್ಲ, ಏಕೆಂದರೆ ಅಲ್ಲಿ ನೆತ್ತಿಯ ಗೆರೆ ತಾನೇ ಸಾಕಷ್ಟು ಬಳುಕುತ್ತದೆ.

ಎರಡನೆಯದು ಸಣ್ಣ ಗೆರೆಗಳ ವಿಷಯ. ಕುಡಿಯ ತುದಿ 1000 ಘಟಕಗಳ ಚೌಕದಲ್ಲಿ 20 ಘಟಕ ದಪ್ಪವಿದೆ. 48 ಪಾಯಿಂಟಿನಲ್ಲಿ ಅದು ಹತ್ತಿರ ಹತ್ತಿರ ಒಂದು ಪಾಯಿಂಟಿನ ಗೆರೆ, ಸೊಗಸಾಗಿದೆ. ಯಾರಾದರೂ ಅದೇ ಫಾಂಟನ್ನು 12 ಪಾಯಿಂಟಿಗೆ ಇಳಿಸಿದರೆ ಕಾಲು ಪಾಯಿಂಟಿಗಿಂತ ಕಡಿಮೆಯಾಗಿ, ಅಚ್ಚಿನಲ್ಲಿ ಅಲ್ಲಲ್ಲಿ ಕಾಣೆಯಾಗುತ್ತದೆ.

ಅಚ್ಚುಮೊಳೆ:

ಬಣ್ಣದ ಹಿನ್ನೆಲೆಯಲ್ಲಿ ಬಿಳಿ ಅಕ್ಷರ ತೆಗೆಯುವವರನ್ನು ಮರೆಯಬೇಡಿ. ಶಾಯಿ ನಾಲ್ಕೂ ದಿಕ್ಕಿನಿಂದ ಹರಡಿ ಸಣ್ಣ ಗೆರೆಯನ್ನು ನುಂಗುತ್ತದೆ. ಕಾಗದ ಒರಟಾಗಿದ್ದರೆ ಕೇಳುವುದೇ ಬೇಡ. 20 ಘಟಕವನ್ನು 28ಕ್ಕೋ 30ಕ್ಕೋ ಏರಿಸಿ. ಸುರುಳಿಯ ಒಳಗಿನ ಬಿಳಿಯನ್ನೂ ಅದಕ್ಕೆ ತಕ್ಕಂತೆ ಅಗಲಿಸಿ. ಸುರುಳಿ ಮೊದಲು ಕಟ್ಟಿಕೊಳ್ಳುವುದು ಹೊರಗಿನ ಗೆರೆಯಲ್ಲಿ ಅಲ್ಲ, ಒಳಗಿನ ಬಿಳಿಯಲ್ಲಿ.

ಪುಟಗಾರ:

ತಡವಾಗಿ ಬಂದಿದ್ದೇನೆ. ನನ್ನದು ಬಳಸುವವರ ಕಡೆಯ ಮಾತು. ಅಲಂಕಾರಿಕ ಫಾಂಟೊಂದು ಕೈಗೆ ಸಿಕ್ಕ ಕೂಡಲೇ ಶೀರ್ಷಿಕೆ, ಉಪಶೀರ್ಷಿಕೆ, ಲೇಖಕರ ಹೆಸರು, ಬೆನ್ನುಪುಟದ ಬರಹ ಎಲ್ಲಕ್ಕೂ ಅದನ್ನೇ ಹಾಕುವುದನ್ನು ದಿನವೂ ನೋಡುತ್ತೇನೆ, ನೋಡಿ ಸಂಕಟಪಡುತ್ತೇನೆ. ಎಲ್ಲರೂ ಏಕಕಾಲಕ್ಕೆ ಕುಣಿದರೆ ಯಾರ ಕುಣಿತವೂ ಕಾಣುವುದಿಲ್ಲ. ಶೀರ್ಷಿಕೆಗೆ ಒಮ್ಮೆ ಬಳಸಿ, ಉಳಿದುದನ್ನೆಲ್ಲ ನೋಟೋ ಸೆರಿಫ್ ಕನ್ನಡದಂಥ ಶಾಂತವಾದ ಅಕ್ಷರಕ್ಕೆ ಬಿಟ್ಟರೆ, ಆ ಒಂದು ಸಾಲಿನ ಎಲೆಗಳು ಎಷ್ಟು ಹಸಿರಾಗಿ ಕಾಣುತ್ತವೆ ಎಂಬುದನ್ನು ಮಾಡಿಯೇ ನೋಡಬೇಕು.

ಕಾಮಿಕ್ ಸ್ಯಾನ್ಸ್‌ಗೆ ಆದದ್ದೂ ಇದೇ. ಮೈಕ್ರೋಸಾಫ್ಟ್ ಬಾಬ್ ಎಂಬ ತಂತ್ರಾಂಶದಲ್ಲಿ ಮಾತನಾಡುವ ನಾಯಿಯ ಚಿತ್ರವೊಂದಿತ್ತು. ಅದರ ಮಾತುಗಳು ಟೈಮ್ಸ್ ನ್ಯೂ ರೋಮನ್‌ನಲ್ಲಿ ಇದ್ದದ್ದು ಸರಿಯೆನಿಸದೆ, ವಿನ್ಸೆಂಟ್ ಕಾನೇರ್ 1994ರಲ್ಲಿ ಕಾಮಿಕ್ ಸ್ಯಾನ್ಸ್ ಫಾಂಟನ್ನು ಬರೆದರು. ನಾಯಿಯ ಮಾತಿಗೆ ಅದು ಹೇಳಿ ಮಾಡಿಸಿದಂಥ ಅಕ್ಷರ, ಆದರೆ ಆ ತಂತ್ರಾಂಶದ ಹೊತ್ತಿಗೆ ಸಿದ್ಧವಾಗಲಿಲ್ಲ. ಅನಂತರ ಕಂಪ್ಯೂಟರುಗಳ ಜೊತೆಗೇ ಎಲ್ಲರ ಮನೆ ಸೇರಿ, ಎಲ್ಲದಕ್ಕೂ ಬಳಕೆಯಾಯಿತು. 2012ರ ಜುಲೈ 4ರಂದು ಸರ್ನ್ ಸಂಸ್ಥೆಯಲ್ಲಿ ಹಿಗ್ಸ್ ಕಣದ ಸುದ್ದಿಯನ್ನು ಲೋಕಕ್ಕೆ ತಿಳಿಸಿದ ಸ್ಲೈಡುಗಳಲ್ಲಿ ಅದೇ ಅಕ್ಷರವಿತ್ತು, ಮತ್ತು ಅಂಥ ದಿನದಲ್ಲಿಯೂ ಬಹಳ ಜನ ಅಕ್ಷರದ ಬಗ್ಗೆಯೇ ಮಾತನಾಡಿದರು. ನಿಮ್ಮ ಫಾಂಟಿನ ಜೊತೆ ಒಂದು ಪುಟದ ಬಳಕೆ ಸೂಚನೆಯನ್ನು ದಯವಿಟ್ಟು ಇಡಿ: 24 ಪಾಯಿಂಟಿಗಿಂತ ಕೆಳಗೆ ಬೇಡ, ಐದಾರು ಪದಗಳಿಗಿಂತ ಹೆಚ್ಚು ಬೇಡ, ಅಕ್ಷರಗಳ ನಡುವಿನ ತೆರಪನ್ನು ಹಿಗ್ಗಿಸುವುದು ಬೇಡ. ತೆರಪು ಹಿಗ್ಗಿಸಿದರೆ ಕೆಲವು ತಂತ್ರಾಂಶಗಳಲ್ಲಿ ಕೊಂಬು ತನ್ನ ಅಕ್ಷರವನ್ನು ಬಿಟ್ಟು ದೂರ ಹೋಗಿ ನಿಲ್ಲುತ್ತದೆ.

ನನ್ನದೊಂದು ಕೋರಿಕೆಯೂ ಇದೆ. ಹಳೆಯ ಪುಟವಿನ್ಯಾಸ ತಂತ್ರಾಂಶಗಳಲ್ಲಿ ಇನ್ನೂ ‘ನುಡಿ’ ತಂತ್ರಾಂಶದ ಆಸ್ಕಿ ಮಾದರಿಯ (ಯೂನಿಕೋಡ್ ಅಲ್ಲದ ಹಳೆಯ ಸಂಕೇತದ) ಅಕ್ಷರಗಳಲ್ಲಿಯೇ ಕೆಲಸ ಮಾಡುತ್ತಿರುವವರು ಇದ್ದಾರೆ. ಅವರಿಗಾಗಿ ಆ ಸಂಕೇತದಲ್ಲಿಯೂ ಒಂದು ಆವೃತ್ತಿ ಸಿಗಬಹುದೇ?

ಜೋಡಣೆನಿಯಮ:

ಕೋರಿಕೆಯ ಹಿಂದಿನ ಕಷ್ಟ ಅರ್ಥವಾಗುತ್ತದೆ. ಆದರೆ ಆಸ್ಕಿ ಮಾದರಿಯಲ್ಲಿ ಅಕ್ಷರದ ತುಣುಕುಗಳನ್ನು ಇರುವ ಸ್ಥಾನಗಳಲ್ಲಿ ಒಂದೊಂದಾಗಿ ತುಂಬಿರುತ್ತಾರೆ. ಅಲ್ಲಿ ಎಲೆಯಿರುವ ರೂಪಗಳಿಗೆ ಜಾಗವೂ ಇಲ್ಲ, ಹಿಂದುಮುಂದಿನ ಅಕ್ಷರ ನೋಡಿ ರೂಪ ಬದಲಿಸುವ ನಿಯಮವೂ ಇಲ್ಲ. ಈ ಫಾಂಟಿನಿಂದ ನಿಯಮಗಳನ್ನು ತೆಗೆದರೆ ಮೊದಲ ಕರಡಿನ ತೊಂದರೆಗಳೆಲ್ಲ ಹಿಂದಿರುಗುತ್ತವೆ. ಯೂನಿಕೋಡ್ ಬಲ್ಲ ತಂತ್ರಾಂಶದಲ್ಲಿ ಶೀರ್ಷಿಕೆಯನ್ನು ಜೋಡಿಸಿ, ಅದನ್ನು ಗೆರೆಚಿತ್ರವಾಗಿ ಪರಿವರ್ತಿಸಿಕೊಂಡು ಹಳೆಯ ಪುಟಕ್ಕೆ ತಂದುಕೊಳ್ಳುವುದು ಮೇಲು. ಅಚ್ಚಿಗೆ ಹೋಗುವ ಪುಟಕ್ಕೆ ಇದು ಸಾಕು. ಜಾಲತಾಣಕ್ಕೋ ಇ-ಪುಸ್ತಕಕ್ಕೋ ಆದರೆ ಹಾಗೆ ಮಾಡಬೇಡಿ. ಪರದೆಯನ್ನು ಓದಿ ಹೇಳುವ ತಂತ್ರಾಂಶಗಳನ್ನು ಅವಲಂಬಿಸಿದವರಿಗೆ ಗೆರೆಚಿತ್ರದಲ್ಲಿ ಅಕ್ಷರವೇ ಇರುವುದಿಲ್ಲ.

ಕಾಗುಣಿತ:

ಪರೀಕ್ಷೆಗೆ ಕೆಲವು ಪದಗಳನ್ನು ಕೊಡುತ್ತೇನೆ. ‘ತಪ್ಪಿದ್ದಲ್ಲಿ’: ಮೂರು ಒತ್ತುಗಳು ಬೆನ್ನುಬೆನ್ನಿಗೆ ಬರುತ್ತವೆ, ಅವುಗಳ ನಡುವಿನ ಬಿಳಿ ಸಮವಾಗಿದೆಯೇ ನೋಡಿ. ‘ಉತ್ಪ್ರೇಕ್ಷೆ’: ಒತ್ತಿನ ಕೆಳಗಿನ ಆಳಕ್ಕೂ ಎತ್ವದ ಎತ್ತರಕ್ಕೂ ಇದೊಂದೇ ಸಾಕು. ‘ಸಂಸ್ಕೃತ’: ವಟ್ರಸುಳಿ ತಾನೇ ಒಂದು ಸುರುಳಿ, ಅದರ ಪಕ್ಕದಲ್ಲಿ ನಿಮ್ಮ ಸುರುಳಿ ಸುಳಿಯಲೇಬಾರದು. ತ, ನ, ಮ, ಯ, ರ, ಲ ಇವುಗಳ ಒತ್ತುಗಳಿಗೆ ಮೂಲಾಕ್ಷರವನ್ನು ಹೋಲದ ತಮ್ಮದೇ ಆಕಾರವಿದೆ. ಬರೆಯುವ ಆನಂದ ಅಲ್ಲಿ ಹೆಚ್ಚು, ಆದ್ದರಿಂದ ಕೈ ತಡೆಯುವುದೂ ಅಲ್ಲಿಯೇ ಹೆಚ್ಚು ಬೇಕು.

ಹೊದಿಕೆಪುಟ:

ಹೊಸ ಕರಡನ್ನು ತೆಗೆದುಕೊಂಡು ‘ಗುಂಗುರು ಕೂದಲ ಗುಬ್ಬಿ’ ಎಂಬ ಸಾಲನ್ನು 60 ಪಾಯಿಂಟಿನಲ್ಲಿ ಜೋಡಿಸಿ ನೋಡಿದೆ. ಮೂರು ಪದಗಳಲ್ಲಿ ಐದು ಕೊಂಬುಗಳು, ಎಲೆಗಳು ಮೂರೇ, ಪ್ರತಿ ಪದದ ಮೊದಲಲ್ಲಿ ಒಂದೊಂದು. ಮೊದಲು ಇದು ತೀರ ಬಡವಾಯಿತೇನೋ ಎನಿಸಿತು. ಎರಡು ದಿನ ಗೋಡೆಯ ಮೇಲಿಟ್ಟು ನೋಡಿದ ಮೇಲೆ ಒಂದು ಎಲೆಯನ್ನೂ ಸೇರಿಸುವ ಮನಸ್ಸಾಗಲಿಲ್ಲ.

ಒಂದು ಸಲಹೆ ಮಾತ್ರ. ‘ಗುಂಗುರು’ ಪದದ ನಡುವೆ ಸೊನ್ನೆ ಇದೆಯಲ್ಲ, ಅದನ್ನು ಹೂವಾಗಿ ಬರೆಯಬಹುದೇ? ಅದು ಯಾವ ಅಕ್ಷರಕ್ಕೂ ಅಂಟಿಕೊಳ್ಳದೆ ಸಾಲಿನ ಮೇಲೆ ತಾನೊಂದೇ ಕೂರುತ್ತದೆ.

ಬಳ್ಳಿಗೆರೆ:

ನನಗೂ ಆ ಆಸೆ ಮೊದಲಿಂದ ಇತ್ತು, ಆದರೆ ಕೆಂಪು ಶಾಯಿಯ ಅನುಭವದ ಮೇಲೆ ಧೈರ್ಯ ಸಾಲಲಿಲ್ಲ. ಕಾಗುಣಿತ ಅವರೇ, ಇದರಿಂದ ಓದು ಕೆಡುತ್ತದೆಯೇ?

ಕಾಗುಣಿತ:

ಇಲ್ಲ. ಸೊನ್ನೆಗೆ ಕನ್ನಡದಲ್ಲಿ ಒಂದೇ ಗುರುತು: ಸುತ್ತಲೂ ಗೆರೆ, ನಡುವೆ ಬಿಳಿ. ಹೊರಗಿನ ಅಂಚನ್ನು ನೀವು ಐದು ಎಸಳು ಮಾಡಿದರೂ, ನಡುವಿನ ಬಿಳಿ ತೆರೆದಿರುವವರೆಗೆ ಅದು ಸೊನ್ನೆಯೇ. ತಲೆಕಟ್ಟಿಲ್ಲದಿರುವುದರಿಂದ ರ ಅಕ್ಷರದೊಂದಿಗೆ ಕಲೆಯುವುದಿಲ್ಲ. ನಡುವೆ ಕೇಸರದ ಚುಕ್ಕಿ ಇಡಬೇಡಿ, ಎಸಳುಗಳನ್ನು ಸೀಳಬೇಡಿ, ಗಾತ್ರ ಮೂಲ ಸೊನ್ನೆಯಷ್ಟೇ ಇರಲಿ.

ಬಳ್ಳಿಗೆರೆ:

ಇವತ್ತು ಸಂಜೆ ಬರೆದೆ. ಐದು ಎಸಳು, ನಡುವೆ ತೆರೆದ ಬಿಳಿ. ‘ಗುಂಗುರು ಕೂದಲ ಗುಬ್ಬಿ’ ಸಾಲಿನ ಚಿತ್ರವನ್ನು ಲಗತ್ತಿಸಿದ್ದೇನೆ. ಇಡೀ ಸಾಲಿನಲ್ಲಿ ಹೂವು ಒಂದೇ ಇದೆ, ಮೊದಲ ಪದದ ಎದೆಯ ಮೇಲೆ. ಇನ್ನು ವಿಸರ್ಗದ ಎರಡು ಸೊನ್ನೆಗಳಿಗೂ ಇದೇ ಹೂವು ಹಾಕಲೋ, ಅಥವಾ ಅಲ್ಲಿ ಎರಡು ಮೊಗ್ಗುಗಳಿರಲೋ ಎಂದು ಯೋಚಿಸುತ್ತಿದ್ದೇನೆ. ‘ದುಃಖ’ ಎಂಬ ಪದವನ್ನು ಈ ಫಾಂಟಿನಲ್ಲಿ ಯಾರಾದರೂ ಬರೆಯಬೇಕಾಗಿ ಬಂದರೆ ಅಲ್ಲಿ ಹೂವು ಅರಳಬಾರದು ಅನಿಸುತ್ತದೆ, ಆದ್ದರಿಂದ ವಿಸರ್ಗವನ್ನು ಸದ್ಯಕ್ಕೆ ಬರಿಯ ಸೊನ್ನೆಗಳಾಗಿಯೇ ಬಿಟ್ಟಿದ್ದೇನೆ.